ಅವಳು ಪುಸ್ತಕ ನೋಡುತ್ತಿರಲಿಲ್ಲ, ಅಮ್ಮನ ಮುಖ ನೋಡುತ್ತಿದ್ದಳು

(ತಾಯಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದೆಂದು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಮಗುವನ್ನು ಇಲ್ಲಿ ಪುಟ್ಟಿ ಎಂದು ಕರೆಯುತ್ತೇನೆ.)

"ಮೇಡಂ, ಇವಳಿಗೆ ಓದೋಕೆ ಬರಲ್ಲ. ಆದ್ರೆ ಪಾಠ ಪೂರ್ತಿ ಬಾಯಲ್ಲಿದೆ."

ಮಗಳ ಓದಿಗೆ ಸಲಹೆ ಕೇಳಲು ನನ್ನ ಹತ್ತಿರ ಬಂದ ತಾಯಿ, ಕುರ್ಚಿ ಎಳೆದುಕೊಂಡು ಕೂರುವ ಮುಂಚೆಯೇ ಹೇಳಿದ ಮಾತು ಇದು. ಅರ್ಧ ಸಮಸ್ಯೆ ಆ ಮಾತಿನಲ್ಲೇ ಇತ್ತು.

ಪುಟ್ಟಿಗೆ ಆರೂವರೆ ವರ್ಷ. ಒಂದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಮಾತು ಕನ್ನಡ. ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ತಂದೆ ಲಾರಿ ಡ್ರೈವರ್, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಜೊತೆಗೆ ಅಜ್ಜಿ ಇದ್ದಾರೆ. ಮೊದಲ ಟೆಸ್ಟ್ ಮುಗಿದ ಮೇಲೆ ಶಾಲೆಗೆ ಕರೆಸಿ, "ಓದೋದ್ರಲ್ಲಿ ತುಂಬಾ ಹಿಂದಿದ್ದಾಳೆ, ಮನೇಲಿ ಗಮನ ಕೊಡಿ" ಎಂದಿದ್ದರಂತೆ. ಹೇಗೆ ಗಮನ ಕೊಡಬೇಕು ಅಂತ ಯಾರೂ ಹೇಳಿರಲಿಲ್ಲ. ಆಕೆ ತಮಗೆ ತೋಚಿದ್ದನ್ನೆಲ್ಲ ಮಾಡಿದ್ದರು. ಗೋಡೆಗೆ ಚಾರ್ಟು, ಮೂರು ಕಾಪಿ ಪುಸ್ತಕ, ಫೋನಿನಲ್ಲಿ ಒಂದು ಆ್ಯಪ್, ದಿನಾ ಸಂಜೆ ಏಳರಿಂದ ಎಂಟೂವರೆವರೆಗೆ ಪಾಠ. ಆ ಒಂದೂವರೆ ಗಂಟೆಯಲ್ಲಿ ಅಳು ಇಲ್ಲದ ದಿನವೇ ಇರಲಿಲ್ಲ. ಸ್ಕೇಲಿನಿಂದ ಕೈಮೇಲೆ ಹೊಡೆದದ್ದೂ ಉಂಟು ಎಂದು ಹೇಳುವಾಗ ಆಕೆ ಮಗಳ ಕಡೆ ನೋಡಲಿಲ್ಲ.

"ಮನೆಯಲ್ಲಿ ಹೇಗೆ ಕೂರ್ತೀರೋ ಹಾಗೇ ಕೂತು ಓದಿಸಿ" ಎಂದೆ. ಆಕೆ ಕುರ್ಚಿಯಲ್ಲಿ ಕೂತರು, ಮಗುವನ್ನು ಎದುರಿಗೆ ಚಾಪೆಯ ಮೇಲೆ ಕೂರಿಸಿದರು. "ನಾನು ಮೆಷಿನ್ ಮೇಲೆ ಇರ್ತೀನಿ ಮೇಡಂ, ಅವಳು ಹಿಂಗೇ ಎದುರಿಗೆ." ಪುಟ್ಟಿ ಪುಸ್ತಕ ತೆಗೆದು ಪಟಪಟ ಓದಿದಳು. ಒಂದು ತಪ್ಪಿಲ್ಲ. ಆದರೆ ಕೊನೆಯ ಸಾಲು ಬರುವ ಮುಂಚೆಯೇ ಹಾಳೆ ತಿರುಗಿಸಿ, ಆ ಸಾಲನ್ನು ಮುಂದಿನ ಪುಟದ ಮೇಲೆ ಬೆರಳಿಟ್ಟು ಹೇಳಿದಳು. ಕಣ್ಣಂತೂ ಪುಸ್ತಕದ ಮೇಲೆ ಇರಲೇ ಇಲ್ಲ. ಒಂದು ಮಾತು ಹೇಳುವುದು, ಅಮ್ಮನ ಮುಖ ನೋಡುವುದು. ಹುಬ್ಬು ಗಂಟಿಕ್ಕಿದರೆ ತಕ್ಷಣ ಬೇರೆ ಮಾತು. ಹುಬ್ಬು ಸಡಿಲವಾದರೆ ಮುಂದಕ್ಕೆ. ಈ ಮಗು ಓದು ಕಲಿತಿರಲಿಲ್ಲ, ಅಮ್ಮನ ಮುಖ ಓದಲು ಚೆನ್ನಾಗಿ ಕಲಿತಿತ್ತು.

ಆಮೇಲೆ ಅಕ್ಷರಕ್ಕೆ ಬಂದೆವು. ಅ ಆ ಇ ಈ ಹಾಡಿನ ಹಾಗೆ ಕೊನೆಯವರೆಗೆ ಬಂತು. ಒಂದು ಚೀಟಿಯಲ್ಲಿ ಬರೀ ಉ ಬರೆದು ಮುಂದಿಟ್ಟೆ. ಪುಟ್ಟಿ ಸುಮ್ಮನಾದಳು. ತುಟಿ ಮಾತ್ರ ಆಡುತ್ತಿತ್ತು. ಕಿವಿಗೊಟ್ಟು ಕೇಳಿದರೆ "ಅ, ಆ, ಇ, ಈ..." ಎಂದು ಒಂದೊಂದೇ ಬೆರಳು ಮಡಚುತ್ತಾ ಬಂದು "ಉ!" ಎಂದಳು. ಅಂದರೆ ಪ್ರತಿ ಅಕ್ಷರಕ್ಕೂ ಅವಳು ಅಕಾರದಿಂದ ನಡೆದು ಬರಬೇಕು. ಈ ನಡಿಗೆಯಲ್ಲಿ ಒಂದು ಪದ ಕೂಡಿಸುವುದು ಯಾವಾಗ?

ಕಿವಿ ಮಾತ್ರ ಚುರುಕಾಗಿತ್ತು. ಕಮಲ ಅನ್ನುವಾಗ ಎಷ್ಟು ಸಲ ಚಪ್ಪಾಳೆ ತಟ್ಟಬೇಕು ಅಂದರೆ ಮೂರು. "ಕ ಬಿಟ್ಟು ಹೇಳು" ಅಂದರೆ "ಮಲ". ಇದು ಬಂದರೆ ನನಗೆ ಅರ್ಧ ನೆಮ್ಮದಿ. ಮಾತನ್ನು ಬಿಡಿಸಿ ಕೇಳುವ ಮಗುವಿಗೆ ಕನ್ನಡದ ಅಕ್ಷರ ಕೈಗೆ ಸಿಗುತ್ತದೆ. ಕಣ್ಣು, ಕಿವಿ ಒಮ್ಮೆ ಡಾಕ್ಟರಿಗೆ ತೋರಿಸಿ ಬನ್ನಿ ಎಂದೆ. ಎರಡೂ ಸರಿ ಇತ್ತು.

ತಾಯಿ ಆ ಹೊತ್ತಿಗೆ ಕೇಳಿಯೇ ಬಿಟ್ಟರು. "ಡಿಸ್ಲೆಕ್ಸಿಯಾನಾ ಮೇಡಂ? ಫೋನಲ್ಲಿ ವಿಡಿಯೋ ನೋಡ್ದೆ. ಇವಳೂ ಅಕ್ಷರ ತಿರುಗಿಸಿ ಬರೀತಾಳೆ." ಡಿಸ್ಲೆಕ್ಸಿಯಾ ಅಂದರೆ ಓದು, ಬರಹ ಕಲಿಯುವುದರಲ್ಲಿ ಆಗುವ ಒಂದು ಕಲಿಕಾ ತೊಂದರೆ. ಈ ವಯಸ್ಸಿನಲ್ಲಿ ತಿರುಗಿಸಿ ಬರೆಯುವ ಮಕ್ಕಳು ಬೇಕಾದಷ್ಟು ಇರುತ್ತಾರೆ. ಅದೊಂದರಿಂದ ಏನೂ ಹೇಳಲು ಬರುವುದಿಲ್ಲ. ಸರಿಯಾಗಿ ಕಲಿಸಿದ ಮೇಲೂ ಬರದಿದ್ದರೆ ಮಾತ್ರ ಆ ಪ್ರಶ್ನೆ. ಮನೆತನದಲ್ಲಿ ಯಾರಿಗಾದರೂ ಓದು ತೀರಾ ಕಷ್ಟವಾಗಿತ್ತಾ ಎಂದು ಕೇಳಿದೆ, ಇಲ್ಲ ಎಂದರು. "ಎಂಟು ವರ್ಷ ಆಗುವ ಹೊತ್ತಿಗೂ ಸಣ್ಣ ಪದ ಕೂಡಿಸೋದು ಕಷ್ಟವಾದ್ರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಪರೀಕ್ಷೆ ಮಾಡಿಸೋಣ. ಅದು ನಾಚಿಕೆಯ ವಿಷಯ ಅಲ್ಲಮ್ಮ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ತೊಂದರೆಯೂ ಸೇರಿದೆ, ಶಾಲೆ ಸಹಾಯ ಮಾಡಲೇಬೇಕು" ಎಂದೆ. ಇವತ್ತಿಗೆ ಆ ಹೆಸರು ಬೇಡ ಎಂದೂ ಹೇಳಿದೆ.

ಇನ್ನೊಂದು ಮಾತನ್ನು ಆಕೆಗೆ ಬಿಡಿಸಿ ಹೇಳಬೇಕಿತ್ತು. ನಮ್ಮ ಲಿಪಿ ಸಣ್ಣದಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ. ಲೆಕ್ಕ ಹಾಕಿದರೆ 400 ದಾಟುತ್ತದೆ. ಅದರ ಮೇಲೆ ಒತ್ತು. ಮಗು ಮೊದಲು ಆಡುವ ಅಮ್ಮ, ಅಪ್ಪ, ಅಜ್ಜಿ ಮೂರಕ್ಕೂ ಒತ್ತಕ್ಷರ ಬೇಕು! ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿದೆ. ಅಕ್ಷರ ಕಲಿಕೆ ಮೊದಲ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಮುಂದಿನ ಕ್ಲಾಸುಗಳವರೆಗೂ ಸಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಒಂದನೇ ಕ್ಲಾಸಿನ ಮಗುವಿಗೆ "ಇನ್ನೂ ಬಂದಿಲ್ವಾ" ಎಂದು ಕೇಳುವುದು ನ್ಯಾಯವಲ್ಲ.

ನಾನು ಕೊಟ್ಟ ಮೊದಲ ಸಲಹೆ ಅಕ್ಷರದ್ದಲ್ಲ, ಜಾಗದ್ದು. ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂರಿ. ಹದಿನೈದು ನಿಮಿಷ ಮೆಷಿನ್ ನಿಲ್ಲಲಿ. ಇಬ್ಬರ ಕಣ್ಣೂ ಒಂದೇ ಪುಟದ ಮೇಲೆ ಇರಲಿ, ಆಗ ಮಗುವಿಗೆ ನಿಮ್ಮ ಹುಬ್ಬು ಕಾಣುವುದಿಲ್ಲ. ಸ್ಕೇಲನ್ನು ಬಟ್ಟೆ ಅಳೆಯಲು ಮಾತ್ರ ಇಟ್ಟುಕೊಳ್ಳಿ. ಎರಡು ವಾರ ಪುಟ್ಟಿ ಓದುವುದೇ ಬೇಡ, ನೀವು ಓದಿ. ಓದುವ ಪದದ ಕೆಳಗೆ ನಿಮ್ಮ ಬೆರಳು ನಿಧಾನಕ್ಕೆ ಸರಿಯಲಿ. ಅದೇ ಕಥೆ ಹತ್ತು ಸಲ ಕೇಳಿದರೂ ಹತ್ತು ಸಲ ಓದಿ.

ಆಕೆಗೆ ಇದು ಹಿಡಿಸಲಿಲ್ಲ. "ನಾನೇ ಓದಿದ್ರೆ ಅವಳಿಗೆ ಹೆಂಗೆ ಬರುತ್ತೆ?" ಎಂದರು. ಇಲ್ಲೊಂದು ವಿಷಯ ಇದೆ, ನಾವು ದೊಡ್ಡವರು ಮರೆತಿರುತ್ತೇವೆ. ಪುಸ್ತಕದ ಕನ್ನಡ ಮನೆಯ ಕನ್ನಡ ಅಲ್ಲ. ಪುಟ್ಟಿ ಹುಟ್ಟಿದಾಗಿನಿಂದ ಕೇಳಿದ್ದು "ಮನೇಲಿ", "ಹೋಗ್ತಾನೆ". ಪುಸ್ತಕದಲ್ಲಿ ಇರುವುದು "ಮನೆಯಲ್ಲಿ", "ಹೋಗುತ್ತಾನೆ". ಕಿವಿಗೆ ಬೀಳದ ಮಾತನ್ನು ಕಣ್ಣು ಬೇಗ ಹಿಡಿಯುವುದಿಲ್ಲ. ದೊಡ್ಡವರು ಓದಿ ಹೇಳುವುದರಿಂದಲೇ ಈ ಕನ್ನಡ ಮಗುವಿನ ಕಿವಿಗೆ ಪಳಗುತ್ತದೆ. ಮುಂದೆ ಅವಳು "ಹೋಗುತ್ತಾನೆ" ಎಂದು ಇರುವ ಕಡೆ "ಹೋಗ್ತಾನೆ" ಎಂದು ಓದಿದರೆ ಬೈಯಬೇಡಿ ಎಂದೆ. ಅರ್ಥ ಆಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಹಾಲು ಎನ್ನುವುದನ್ನು "ಆಲು" ಎಂದರೂ ಅಷ್ಟೇ. ಅದು ನಾಲಿಗೆಯ ರೂಢಿ, ಓದಿನ ತಪ್ಪಲ್ಲ.

ಅಕ್ಷರಕ್ಕೆ ಬೇರೆ ದಾರಿ ಹಿಡಿದೆವು. ಅ ಆ ಇ ಈ ಸಾಲನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟೆವು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಣ್ಣ ಮಕ್ಕಳಿಗೆ ಆಡಿಸುತ್ತಾ ಕಲಿಸುವ ನಲಿ-ಕಲಿ ಪದ್ಧತಿ ಗೊತ್ತಲ್ವಾ? 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಅಲ್ಲಿ ಮಕ್ಕಳು ಮೊದಲು ಕಲಿಯುವುದು ರ ಗ ಸ ದ ಅ. ಆಮೇಲೆ ಜ ವ ಮ ಬ ನ. ಐದೇ ಅಕ್ಷರ ಬಂದರೂ ಪದ ಓದಬಹುದು, ಅದೇ ಇದರ ಬಲ. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಮೊದಲ ಐದು ಅಕ್ಷರ ಕಲಿತ ಮಗುವಿಗೆ ಓದಲು ಹೆಚ್ಚು ಪದಗಳೇ ಸಿಗುವುದಿಲ್ಲ.

ತಾಯಿಯ ಚೀಲದಲ್ಲಿ ದಾರದ ಉಂಡೆ ಇತ್ತು. ನನ್ನ ಮೇಜಿನ ಮೇಲೆ ದೊಡ್ಡದಾಗಿ ರ ಬರೆದು, ಅದರ ಮೇಲೆ ದಾರ ಇಡಲು ಪುಟ್ಟಿಗೆ ಹೇಳಿದೆ. ಕನ್ನಡದ ಅಕ್ಷರಗಳು ದುಂಡಗೆ, ದಾರ ಹೇಳಿದ ಹಾಗೆ ಕೇಳುತ್ತದೆ. ರ ಆಯಿತು, ಸ ಆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟೆ. "ಸ... ರ..." ಎಂದು ಬೆರಳಿಟ್ಟಳು. ಮತ್ತೆ "ಸ, ರ". ಆಮೇಲೆ ಗಕ್ಕನೆ ತಲೆ ಎತ್ತಿ, "ಸರ! ಅಮ್ಮಂದು!" ಎಂದು ತಾಯಿಯ ಕತ್ತಿನ ಕಡೆ ಕೈ ತೋರಿಸಿದಳು. ಆ ದಿನ ಮೊದಲ ಬಾರಿ ಅವಳು ಅಮ್ಮನ ಕಡೆ ನೋಡಿದ್ದು ಭಯದಿಂದ ಅಲ್ಲ.

ಪದಗಳನ್ನು ಆರಿಸುವಾಗ ಮಗುವಿಗೆ ಗೊತ್ತಿರುವುದನ್ನೇ ತೆಗೆದುಕೊಳ್ಳಿ ಎಂದೆ. ಅಗಸ ಎಂದು ಓದಿಸಿದರೆ ಪುಟ್ಟಿಗೆ ಅದು ಏನೆಂದೇ ಗೊತ್ತಿಲ್ಲ. ಕೂಡಿಸಿ ಓದಿದರೂ "ಓ, ಇದಾ!" ಎನ್ನುವ ಖುಷಿ ಸಿಗುವುದಿಲ್ಲ. ಅದೇ ಅಕ್ಷರಗಳಿಗೆ ಇಳಿ, ಗುಡಿಸು, ಕೊಂಬು ಸೇರಿಸಿದರೆ ರಾಗಿ, ದಾರ, ಸಾರು, ದಾರಿ, ಸರಿ, ಗರಿ ಎಲ್ಲ ಬರುತ್ತವೆ. ಇಡೀ ಕಾಗುಣಿತ ಒಟ್ಟಿಗೆ ಹೇಳಿಸುವ ಬದಲು ಒಂದು ವಾರ ಇಳಿ, ಇನ್ನೊಂದು ವಾರ ಗುಡಿಸು. ಸರ ಇದ್ದದ್ದು ಸಾರ ಆಯಿತು, ಸಾರ ಇದ್ದದ್ದು ಸಾರು ಆಯಿತು. ಒಂದು ಸಣ್ಣ ಗೆರೆ ಮಾತನ್ನೇ ಬದಲಿಸುತ್ತದೆ ಎಂದು ಮಗು ಕಣ್ಣಾರೆ ನೋಡಬೇಕು. ಅಡುಗೆಮನೆಯ ಡಬ್ಬಿಗೆ "ರಾಗಿ" ಎಂದು ಚೀಟಿ ಅಂಟಿಸಿದರು. ಅಂಟಿಸಿದ್ದು ಅಜ್ಜಿ, ಬರೆದದ್ದು ಪುಟ್ಟಿ.

ತಡವರಿಸಿದಾಗ ಏನು ಮಾಡಬೇಕು? ಮನಸ್ಸಿನಲ್ಲೇ ಐದು ಎಣಿಸಿ. ಆಮೇಲೂ ಬರದಿದ್ದರೆ ನೀವೇ ಹೇಳಿ, ಮುಂದೆ ಹೋಗಿ. "ನಿನ್ನೆ ತಾನೇ ಹೇಳ್ಕೊಟ್ಟೆ" ಎನ್ನುವ ಮಾತು ಮಾತ್ರ ಬೇಡ. ಆ ಮಾತಿನಿಂದ ಯಾವ ಮಗುವಿಗೂ ಅಕ್ಷರ ನೆನಪಾಗಿದ್ದನ್ನು ನಾನು ನೋಡಿಲ್ಲ.

ಇಂಗ್ಲಿಷ್ ಬಗ್ಗೆ ಆಕೆಗೆ ಭಯ ಇತ್ತು. "ಶಾಲೇಲಿ ಇಂಗ್ಲಿಷ್ ಕೇಳ್ತಾರೆ, ನೀವು ಕನ್ನಡ ಅಂತೀರಿ." ಆ ಭಯ ಸಣ್ಣದಲ್ಲ, ಫೀಸು ಕಟ್ಟುವವರು ಅವರು. ಆದರೆ ಬರೆದದ್ದನ್ನು ಮಾತಾಗಿಸಬಹುದು ಎನ್ನುವ ಗುಟ್ಟು ಒಂದು ಭಾಷೆಯಲ್ಲಿ ಸಿಕ್ಕಿದರೆ ಇನ್ನೊಂದಕ್ಕೂ ದಾರಿ ಸುಲಭ. ಅದು ಮೊದಲು ಸಿಗುವುದು ಗೊತ್ತಿರುವ ಮಾತಿನಲ್ಲೇ. ಸಾಧ್ಯವಿರುವ ಕಡೆ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಇಂಗ್ಲಿಷ್ ಬಿಡಬೇಡಿ, ಒಂದೇ ಸಂಜೆ ಎರಡನ್ನೂ ಹೇರಬೇಡಿ ಎಂದೆ. ಒಂದು ದಿನ ಇದು, ಒಂದು ದಿನ ಅದು.

ಕಥೆ ಪುಸ್ತಕಕ್ಕೆ ದುಡ್ಡು ಬೇಕಲ್ಲ ಎಂದರು. ಮಕ್ಕಳ ಪುಸ್ತಕ ಪ್ರಕಟಿಸುವ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತ. ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದ ಎರಡು ಕಥೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಹೊಲಿದುಬಿಡಿ, ಹೊಲಿಗೆ ನಿಮ್ಮ ಕೈಯಲ್ಲೇ ಇದೆಯಲ್ಲ ಎಂದೆ. ಮೊದಲ ಬಾರಿ ನಕ್ಕರು.

ಮೂರು ವಾರ ಬಿಟ್ಟು ಬಂದಾಗ ಮುಖ ಸಪ್ಪಗಿತ್ತು. ಹತ್ತು ದಿನ ಚೆನ್ನಾಗಿ ನಡೆದಿತ್ತು. ಆಮೇಲೆ ಮದುವೆ ಸೀಸನ್, ರಾಶಿ ಬ್ಲೌಸು, ಒಂದು ಸಂಜೆ ತಾಳ್ಮೆ ತಪ್ಪಿ ಕಿರುಚಿದ್ದರು. ಮರುದಿನ ಪುಸ್ತಕ ಕಾಣಲಿಲ್ಲ. ಹುಡುಕಿದರೆ ದಿಂಬಿನ ಕವರಿನೊಳಗೆ ತುರುಕಿಟ್ಟಿದ್ದಳು. ಹೇಳುತ್ತಾ ಆಕೆ ಅತ್ತುಬಿಟ್ಟರು. ನನ್ನ ಸಲಹೆಯಲ್ಲೂ ಒಂದು ಕೊರತೆ ಇತ್ತು. ಕೆಲಸ ಹೆಚ್ಚಿರುವ ದಿನ ಏನು ಎಂದು ನಾನು ಕೇಳಿಯೇ ಇರಲಿಲ್ಲ. ಅಂಥ ದಿನ ಓದೇ ಬೇಡ ಎಂದೆ. ಮಗಳ ಹತ್ತಿರ "ಅಮ್ಮ ಕಿರುಚಿದ್ದು ತಪ್ಪು" ಅಂತ ಹೇಳಿ, ಅಷ್ಟೇ ಸಾಕು.

ಅಜ್ಜಿಯನ್ನು ಒಳಗೆ ತಂದದ್ದು ಅವತ್ತೇ. ಅವರಿಗೆ ಓದು ಬರುವುದಿಲ್ಲ, ಹಾಗಾಗಿ ಈ ವಿಷಯಕ್ಕೂ ತಮಗೂ ಸಂಬಂಧವಿಲ್ಲ ಎಂದು ದೂರ ಕೂರುತ್ತಿದ್ದರು. ಆದರೆ ಕಥೆಗೆ ಬರವಿಲ್ಲ. ಹಗಲು ಅಜ್ಜಿ ಕಥೆ ಹೇಳುವುದು, ಪುಟ್ಟಿ ಅದನ್ನು ಅಮ್ಮನಿಗೆ ಹೇಳುವುದು, ಅಮ್ಮ ಪುಟ್ಟಿಯ ಮಾತಿನಲ್ಲೇ ನಾಲ್ಕು ಸಾಲು ದೊಡ್ಡಕ್ಷರದಲ್ಲಿ ಬರೆಯುವುದು, ರಾತ್ರಿ ಪುಟ್ಟಿ ಅದನ್ನು ಅಜ್ಜಿಗೆ ಓದಿ ಹೇಳುವುದು. ತನ್ನದೇ ಮಾತಾದ್ದರಿಂದ ಓದು ಸಲೀಸು. ಕೇಳುವ ಅಜ್ಜಿ ತಪ್ಪು ಹಿಡಿಯುವವರಲ್ಲ, ಮುಂದೇನಾಯ್ತು ಎಂದು ಕೇಳುವವರು. ಈ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ ಎಂದು ನನಗೆ ಅನಿಸುತ್ತದೆ. ಶಾಲೆಯ ಟೀಚರನ್ನೂ ತಾಯಿ ಹೋಗಿ ಕಂಡರು. ಸ್ವಲ್ಪ ದಿನ ಎಲ್ಲರ ಮುಂದೆ ನಿಲ್ಲಿಸಿ ಓದಿಸುವುದಿಲ್ಲ ಎಂದು ಅವರು ಒಪ್ಪಿದರು. ತಂದೆ ಫೋನಿನಲ್ಲಿ "ಎಷ್ಟು ಕಲಿತೆ?" ಎನ್ನುವುದು ಬಿಟ್ಟು, ಲಾರಿ ನಿಲ್ಲಿಸಿದ ಊರಿನ ಬೋರ್ಡಿನ ಫೋಟೋ ಕಳಿಸಲು ಶುರುಮಾಡಿದರು.

ಫೆಬ್ರವರಿಯಲ್ಲಿ ಮತ್ತೆ ಬಂದರು. ಒತ್ತಿಲ್ಲದ ಸಣ್ಣ ವಾಕ್ಯಗಳನ್ನು ಪುಟ್ಟಿ ನಿಧಾನಕ್ಕೆ ಓದುತ್ತಾಳೆ. ಬ ಮತ್ತು ಭ ಇನ್ನೂ ಅದಲುಬದಲು. ದೀರ್ಘ ಕೆಲವು ಸಲ ಬಿಟ್ಟುಹೋಗುತ್ತದೆ. ಕ್ಲಾಸಿನಲ್ಲಿ ಮುಂದಿಲ್ಲ, ಆದರೆ ಪುಸ್ತಕ ಬಚ್ಚಿಡುವುದಿಲ್ಲ.

ಹೊರಡುವಾಗ ನನ್ನ ಬಾಗಿಲ ಹತ್ತಿರ ನಿಂತಳು. "ಚಪ್ಪಲಿ ಹೊರಗೆ ಬಿಡಿ" ಎಂದು ಅಲ್ಲಿ ಬರೆದಿದೆ. "ಚ... ಪ... ಲಿ" ಎಂದಳು. ತಾಯಿಯ ತುಟಿ ಆಡಿತು, ಮಾತು ಬರಲಿಲ್ಲ. ಪುಟ್ಟಿ ತಿರುಗಿ ನೋಡಲೂ ಇಲ್ಲ. ಬೋರ್ಡನ್ನೇ ನೋಡುತ್ತಾ, ಪಕಾರದ ಕೆಳಗಿನ ಒತ್ತಿಗೆ ಬೆರಳು ತಾಗಿಸಿ, ಕೆಳಗೆ ತನ್ನ ಕಾಲು ನೋಡಿಕೊಂಡು, "ಚಪ್ಪಲಿ" ಎಂದಳು.

ಬೇಸಿಗೆ ರಜೆ ಶುರುವಾಗುವ ಮುಂಚೆ ಇನ್ನೊಮ್ಮೆ ಬರಲು ಹೇಳಿದ್ದೇನೆ. ಆಗ ಒತ್ತಕ್ಷರ ಶುರು. ಮೊದಲ ಪದ ಅಮ್ಮ.