ಕೋರ್ಟ್ ಮುಂದಿನ ಆ ಸೈನಿಕ ಯಾರು?

"ಅಕ್ಕ, ನಾವು ಅಮೆರಿಕದ ನಾರ್ತ್ ಕ್ಯಾರೊಲಿನಾಕ್ಕೆ, ಮೋರಿಸ್‌ವಿಲ್‌ಗೆ ಬಂದು ಮೂರು ತಿಂಗಳಾಯ್ತು. ಶನಿವಾರ ಗ್ರಹಾಮ್‌ಗೆ ಹೋಗಿದ್ದೆವು. ಕೋರ್ಟ್ ಎದುರಿನ ಸೈನಿಕನ ಪ್ರತಿಮೆ ಹತ್ತಿರ ಮಗಳನ್ನು ನಿಲ್ಲಿಸಿ ಫೋಟೋ ತೆಗೆದು ಆಫೀಸ್ ಗ್ರೂಪಿಗೆ ಹಾಕಿದೆ. ಯಾರೂ ಒಂದು ಲೈಕ್ ಕೂಡ ಕೊಡಲಿಲ್ಲ. ಏನಾದರೂ ತಪ್ಪಾಯ್ತಾ?" ಅಂತ ಕೇಳಿದ್ದೀರಿ.

ಗಾಬರಿ ಬೇಡ. ಆದರೆ ಗ್ರೂಪಿನಿಂದ ಆ ಫೋಟೋ ಅಳಿಸಿಬಿಡಿ. ಬಂದ ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ, ಪಿಟ್ಸ್‌ಬರೋ ಕೋರ್ಟ್ ಮುಂದೆ. ಅಪ್ಪನಿಗೆ ಫೋಟೋ ಕಳಿಸಿ "ಇಲ್ಲಿಯ ವೀರಗಲ್ಲು" ಅಂತ ಬರೆದಿದ್ದೆ. ಪಕ್ಕದ ಸೀಟಿನ ಕಪ್ಪು ಗೆಳತಿಗೂ ತೋರಿಸಿದೆ. ಅವಳು ಸುಮ್ಮನೆ ನೋಡಿ ವಾಪಸ್ ಕೊಟ್ಟಳು. ಅವಳ ಅಜ್ಜಿ ಜಮೀನಿನ ಕಾಗದಕ್ಕೆ ಅಂತ ಆ ಕೋರ್ಟಿಗೆ ಹೋಗುವಾಗ ತಲೆ ಎತ್ತಿ ಅದನ್ನು ನೋಡುತ್ತಲೇ ಇರಲಿಲ್ಲವಂತೆ. ಇದನ್ನು ಹೇಳಲು ಅವಳಿಗೆ ಒಂದು ವರ್ಷ ಹಿಡಿಯಿತು.

ವೀರಗಲ್ಲು ಅಲ್ಲ ಅದು. ನಮ್ಮಲ್ಲಿ ದನ ಬಿಡಿಸಲು ಹೋಗಿ ಸತ್ತವನಿಗೆ ಅವನ ಕಡೆಯವರೇ ಕಲ್ಲು ನಿಲ್ಲಿಸುತ್ತಿದ್ದರು. ಗ್ರಹಾಮ್‌ನ ಸೈನಿಕನಿಗೆ ಹೆಸರೇ ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಕಡೆ, ಅಂದರೆ ಕಾನ್ಫೆಡರಸಿ ಕಡೆಯ ಸೈನಿಕ ಅವನು. ಆ ಯುದ್ಧ ಮುಗಿದದ್ದು 1865ರಲ್ಲಿ, ಅವನು ಬಂದು ನಿಂತದ್ದು 1914ರಲ್ಲಿ. ಐವತ್ತು ವರ್ಷಕ್ಕೆ ಒಂದೇ ಕಮ್ಮಿ! ಈಗಿನ ಕೋರ್ಟ್ ಕಟ್ಟಡವೇ ಅವನಿಗಿಂತ ಹತ್ತು ವರ್ಷ ಚಿಕ್ಕದು. ನಿಲ್ಲಿಸಿದ್ದು ಸೋತ ಕಡೆಯವರ ಹೆಣ್ಣುಮಕ್ಕಳ ಸಂಘ, ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ. ಗುಲಾಮಗಿರಿ ಉಳಿಸಿಕೊಳ್ಳಲು ದೇಶ ಒಡೆದು ಕಾನ್ಫೆಡರಸಿ ಕಟ್ಟಿದ ರಾಜ್ಯಗಳಲ್ಲಿ ನಮ್ಮ ನಾರ್ತ್ ಕ್ಯಾರೊಲಿನಾ ಕೂಡ ಒಂದು. 1900ರಲ್ಲಿ ಇಲ್ಲಿ ಓದು ಬರಹದ ಪರೀಕ್ಷೆ ಅಂತ ನೆಪ ಹೂಡಿ ಕಪ್ಪು ಜನರ ಓಟು ಕಿತ್ತುಕೊಂಡರು. ಆಮೇಲೆ ಇಂಥ ಪ್ರತಿಮೆಗಳು ಎದ್ದದ್ದು ನೋಡಿ: 1907ರಲ್ಲಿ ಪಿಟ್ಸ್‌ಬರೋ, 1913ರಲ್ಲಿ ಚಾಪೆಲ್ ಹಿಲ್ ಯೂನಿವರ್ಸಿಟಿ, 1924ರಲ್ಲಿ ಡರ್ಹಮ್. ನ್ಯಾಯ ಕೇಳಲು ಬರುವವರು ಮೊದಲು ಯಾರನ್ನು ದಾಟಿ ಬರಬೇಕು ಅನ್ನುವುದು ಆಗಲೇ ತೀರ್ಮಾನವಾಗಿತ್ತು, ಅಲ್ವಾ?

ಗ್ರಹಾಮ್‌ನಲ್ಲಿ ಇನ್ನೂ ಒಂದು ವಿಷಯವಿದೆ. ವ್ಯಾಟ್ ಔಟ್‌ಲಾ ಅಂತ ಒಬ್ಬ ಕಪ್ಪು ಮುಖಂಡರು ಆ ಊರಿನ ಆಡಳಿತದಲ್ಲಿದ್ದರು. 1870ರ ಫೆಬ್ರವರಿಯಲ್ಲಿ ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯರ ಹಿಂಸಾಚಾರದ ಗುಪ್ತ ಗುಂಪಿನವರು ರಾತ್ರಿ ಅವರನ್ನು ಮನೆಯಿಂದ ಎಳೆದು ತಂದು ಕೋರ್ಟ್ ಚೌಕದ ಮರಕ್ಕೆ ನೇಣು ಹಾಕಿದರು. ನಲವತ್ತು ಚಿಲ್ಲರೆ ವರ್ಷದ ನಂತರ ಅದೇ ಜಾಗದಲ್ಲಿ ಪ್ರತಿಮೆ ಎದ್ದಿತು.

ಹಾಗಿದ್ದರೆ ಇನ್ನೂ ಯಾಕೆ ಇದೆ ಅಂತೀರಾ? 2015ರಲ್ಲಿ ರಾಜ್ಯ ಒಂದು ಕಾನೂನು ಮಾಡಿ, ಇಂಥವನ್ನು ತೆಗೆಯುವುದನ್ನು ಕಷ್ಟ ಮಾಡಿಬಿಟ್ಟಿತು. ಡರ್ಹಮ್‌ನದನ್ನು 2017ರಲ್ಲಿ ಜನರೇ ಹಗ್ಗ ಕಟ್ಟಿ ಎಳೆದರು. ತಗಡಿನ ಡಬ್ಬದ ಹಾಗೆ ಸುಕ್ಕಾಗಿ ಬಿತ್ತು. ಪಿಟ್ಸ್‌ಬರೋದ್ದು 2019ರ ನವೆಂಬರ್‌ನಲ್ಲಿ ಹೋಯಿತು, ಕೌಂಟಿಯವರೇ (ನಮ್ಮ ಜಿಲ್ಲೆಯ ಹಾಗೆ) ಮತ ಹಾಕಿ ತೆಗೆಸಿದರು. ಗ್ರಹಾಮ್‌ನಲ್ಲಿ 2020ರಲ್ಲಿ ಜೋರು ಪ್ರತಿಭಟನೆ ನಡೆಯಿತು, ಕೇಸೂ ಆಯಿತು. 2024ರಲ್ಲಿ ಮೇಲ್ಮನವಿ ಕೋರ್ಟ್ ಪ್ರತಿಮೆಯ ಪರವಾಗಿಯೇ ಹೇಳಿತು.

ನಿಮ್ಮ ಗ್ರೂಪಿನಲ್ಲಿ ಸುಮ್ಮನಿದ್ದವರೆಲ್ಲ ಒಂದೇ ಕಾರಣಕ್ಕೆ ಸುಮ್ಮನಿರಲಿಲ್ಲ, ಅದು ನೆನಪಿರಲಿ. ಒಬ್ಬರಿಗೆ ನೋವಾಗಿರಬಹುದು. ಇನ್ನೊಬ್ಬರ ಮುತ್ತಜ್ಜ ಅದೇ ಸೇನೆಯಲ್ಲಿ ಸತ್ತಿರಬಹುದು. ಅಂಥವರೂ ನನಗೆ ಗೊತ್ತು, ಒಳ್ಳೆಯ ಜನ, ಅಕ್ಕಪಕ್ಕದವರೇ. ಸೋಮವಾರ ಉದ್ದ ಕ್ಷಮಾಪಣೆ ಏನೂ ಬೇಡ. "ಅದೇನು ಅಂತ ಗೊತ್ತಿರಲಿಲ್ಲ, ಈಗ ಗೊತ್ತಾಯಿತು" ಅಂದರೆ ಸಾಕು. ಯಾರಾದರೂ ಮಾತು ತೆಗೆದರೆ ಕೇಳಿಸಿಕೊಳ್ಳಿ. ನಾವು ಮೊನ್ನೆ ಬಂದವರು, ತೀರ್ಪು ಕೊಡುವ ಅವಸರ ಬೇಡ.

ಮಗಳಿಗೆ ಆ ಯುದ್ಧದ ಬಗ್ಗೆ ತೋರಿಸಬೇಕು ಅನ್ನಿಸಿದರೆ ಡರ್ಹಮ್‌ನ ಬೆನೆಟ್ ಪ್ಲೇಸ್‌ಗೆ ಕರೆದುಕೊಂಡು ಹೋಗಿ. ಒಬ್ಬ ರೈತನ ಪುಟ್ಟ ಮನೆ ಅದು. 1865ರ ಏಪ್ರಿಲ್‌ನಲ್ಲಿ ಕಾನ್ಫೆಡರಸಿಯ ಜನರಲ್ ಜಾನ್‌ಸ್ಟನ್ ಉತ್ತರದ ಕಡೆಯ ಜನರಲ್ ಶರ್ಮನ್‌ಗೆ ಶರಣಾದದ್ದು ಅಲ್ಲೇ. ಮೂಲ ಮನೆ ಸುಟ್ಟುಹೋಗಿ ಮತ್ತೆ ಕಟ್ಟಿದ್ದಾರೆ. ಅಲ್ಲಿ ಎಷ್ಟು ಫೋಟೋ ಬೇಕಾದರೂ ತೆಗೆಯಿರಿ.