ಹಾಕಿದ ಗೊಬ್ಬರ ಹೋಗುವುದೆಲ್ಲಿಗೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ದೊಡ್ಡಬಳ್ಳಾಪುರದ ಬಳಿ ನಮಗೆ ಎರಡು ಎಕರೆ ಖುಷ್ಕಿ ಜಮೀನಿದ್ದು, ನಮ್ಮ ಅಣ್ಣ ಅದರಲ್ಲಿ ರಾಗಿ ಬೆಳೆಯುತ್ತಾರೆ. ಯೂರಿಯಾ ಮಣ್ಣನ್ನು ಕೊಲ್ಲುತ್ತದೆ, ಅದನ್ನು ಪೂರ್ತಿ ಬಿಟ್ಟುಬಿಡೋಣ ಎಂದು ನಾನು ಹೇಳುತ್ತೇನೆ. ಬಿಟ್ಟರೆ ಮನೆಗೇ ರಾಗಿ ಸಾಲುವುದಿಲ್ಲ ಎಂದು ಅವರು ಹೇಳುತ್ತಾರೆ. ಯಾರ ಮಾತು ಸರಿ? ಹಸಿರು ರಸಾಯನ ವಿಜ್ಞಾನದಿಂದ ಇದಕ್ಕೇನಾದರೂ ದಾರಿಯಿದೆಯೇ? (ಓದುಗರೊಬ್ಬರು, ಯಲಹಂಕ)

ಉತ್ತರ: ನಿಮ್ಮ ಅಣ್ಣನವರ ಲೆಕ್ಕದಿಂದಲೇ ಆರಂಭಿಸೋಣ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ ಎಂಬುದು ಸಾಮಾನ್ಯ ಶಿಫಾರಸು. ಎಕರೆಗೆ ಅದು ಸುಮಾರು 20 ಕಿಲೋ ಆಗುತ್ತದೆ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿರುವುದರಿಂದ 45 ಕಿಲೋದ ಒಂದು ಚೀಲ ಇದಕ್ಕೆ ಸಾಕು. ಅದೇ ಸಾರಜನಕವನ್ನು ಕೊಟ್ಟಿಗೆ ಗೊಬ್ಬರದಿಂದಲೇ ಒದಗಿಸುವುದಾದರೆ, ಅದರಲ್ಲಿ ಇರುವುದೇ ಸುಮಾರು ಶೇ 0.5ರಷ್ಟಾದ್ದರಿಂದ, ಎಕರೆಗೆ ನಾಲ್ಕು ಟನ್ ಬೇಕಾಗುತ್ತದೆ, ಅದೂ ಮೊದಲ ವರ್ಷವೇ ಪೂರ್ತಿಯಾಗಿ ಬೆಳೆಗೆ ದಕ್ಕುವುದಿಲ್ಲ. ಹಸುಗಳನ್ನು ಮಾರಿ ಕೊಟ್ಟಿಗೆಯನ್ನು ಗೋದಾಮು ಮಾಡಿಕೊಂಡಿರುವ ಮನೆಗಳೇ ಹೆಚ್ಚಾಗಿರುವ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅಷ್ಟು ಗೊಬ್ಬರವನ್ನು ಎಲ್ಲಿಂದ ತರಬೇಕು ಎಂಬ ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿಕೊಟ್ಟರು, ಕಾರ್ಲ್ ಬಾಷ್ 1913ರ ಹೊತ್ತಿಗೆ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು; ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಊಟ ಆ ವಿಧಾನದ ಮೇಲೆ ನಿಂತಿದೆಯೆಂಬ ಅಂದಾಜಿದೆ. ಶ್ರೀಲಂಕಾ ಸರ್ಕಾರ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿತು. ಅದೇ ನವೆಂಬರ್‌ನಲ್ಲಿ ನಿಷೇಧವನ್ನು ಹಿಂದಕ್ಕೆ ಪಡೆಯುವಷ್ಟರಲ್ಲಿ ಭತ್ತದ ಇಳುವರಿ ಕುಸಿಯುವ ಹಾದಿ ಹಿಡಿದಾಗಿತ್ತು, ಆ ದೇಶ ಅಕ್ಕಿಯನ್ನು ಹೊರಗಿನಿಂದ ತರಿಸಿಕೊಳ್ಳಬೇಕಾಯಿತು.

ಹಾಗೆಂದು ನಿಮ್ಮ ಕಳವಳವೂ ಸುಳ್ಳಲ್ಲ. ಹೊಲಕ್ಕೆ ಎರಚಿದ ಯೂರಿಯಾದಲ್ಲಿ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಇನ್ನೊಂದು ಪಾಲನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಬದಲಿಸುತ್ತವೆ, ಅದು ಮಳೆನೀರಿನೊಡನೆ ಕೆಳಕ್ಕಿಳಿದು ಕೊಳವೆ ಬಾವಿಯನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂಬ ಮಿತಿ ನಮ್ಮ ದೇಶದಲ್ಲಿರುವುದು ಮುಖ್ಯವಾಗಿ ಹಸುಗೂಸುಗಳ ಆರೋಗ್ಯಕ್ಕಾಗಿ. ಮತ್ತೊಂದು ಸಣ್ಣ ಪಾಲು ನೈಟ್ರಸ್ ಆಕ್ಸೈಡ್ ಅನಿಲವಾಗುತ್ತದೆ, ಅದು ಭೂಮಿಯನ್ನು ಬಿಸಿ ಮಾಡುವ ಶಕ್ತಿಯಲ್ಲಿ, ತೂಕಕ್ಕೆ ತೂಕ ಹೋಲಿಸಿದರೆ, ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ಆದ್ದರಿಂದ ನೀವಿಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ, ಹಾಕಿದ್ದು ಎಲ್ಲಿಗೆ ಹೋಯಿತು ಎಂಬುದೇ ಎಂದು ನಾನು ನಂಬಿದ್ದೇನೆ.

ಅಮೆರಿಕದ ರಸಾಯನ ವಿಜ್ಞಾನಿಗಳಾದ ಪಾಲ್ ಅನಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನ ವಿಜ್ಞಾನಕ್ಕೆ, ಅಂದರೆ ಪರಿಸರಕ್ಕೆ ಹಾನಿಯಾಗದಂತೆ ರಾಸಾಯನಿಕಗಳನ್ನು ರೂಪಿಸಿ ಬಳಸುವ ವಿದ್ಯೆಗೆ, ಹನ್ನೆರಡು ಸೂತ್ರಗಳನ್ನು ರೂಪಿಸಿದಾಗ ಮೊದಲ ಸೂತ್ರವನ್ನಾಗಿ ಇಟ್ಟದ್ದು, ತ್ಯಾಜ್ಯ ಹುಟ್ಟಿದ ಮೇಲೆ ಶುದ್ಧಿ ಮಾಡುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳಬೇಕು ಎಂಬುದನ್ನು. ಇದು ನಿಮ್ಮ ಅಣ್ಣನವರ ಚೀಲದಲ್ಲಿ ಈಗಾಗಲೇ ಇದೆ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕೃಷಿ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪನ ಕಡ್ಡಾಯವಾಗಿದೆ; ಬೇವಿನ ಕಹಿ ಅಂಶಗಳು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ವೇಗವನ್ನು ತಗ್ಗಿಸುವುದರಿಂದ ಸಾರಜನಕ ಬೇರಿನ ಬಳಿ ಹೆಚ್ಚು ದಿನ ಉಳಿಯುತ್ತದೆ. ಯೂರಿಯಾವನ್ನು ಬೇವಿನ ಹಿಂಡಿಯೊಡನೆ ಬೆರೆಸಿ ಒಂದು ರಾತ್ರಿ ಇಟ್ಟು ಹಾಕುತ್ತಿದ್ದ ರೈತರು ಮಾಡುತ್ತಿದ್ದುದೂ ಇದೇ ಕೆಲಸ. ಆದರೆ ಲೇಪನವೊಂದೇ ಸಾಲದು. ಅರ್ಧವನ್ನು ಬಿತ್ತನೆಯ ಹೊತ್ತಿನಲ್ಲಿ, ಉಳಿದರ್ಧವನ್ನು ಕಳೆ ತೆಗೆದ ಮೇಲೆ ನೆಲದಲ್ಲಿ ಹದವಿರುವಾಗ ಮೇಲುಗೊಬ್ಬರವಾಗಿ ಕೊಟ್ಟು ಮಣ್ಣು ಮುಚ್ಚಬೇಕು. ಒಣನೆಲದ ಮೇಲೆ ಬಿಸಿಲಿಗೆ ಬಿಟ್ಟ ಯೂರಿಯಾ ಹಣವನ್ನು ಗಾಳಿಗೆ ತೂರಿದಂತೆ. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವ ಹಳೆಯ ಕ್ರಮವನ್ನು ಬಿಡಬಾರದು, ಏಕೆಂದರೆ ಆ ಬೇರಿನ ಗಂಟುಗಳು ಯಾವ ಕಾರ್ಖಾನೆಯೂ ಇಲ್ಲದೆ ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ದೀರ್ಘಕಾಲದ ರಾಗಿ ಪ್ರಯೋಗಗಳಲ್ಲೂ ಕೊಟ್ಟಿಗೆ ಗೊಬ್ಬರ ಮತ್ತು ರಾಸಾಯನಿಕ ಗೊಬ್ಬರಗಳು ಜೊತೆಗೂಡಿದ ತಾಕುಗಳೇ ಇಳುವರಿಯಲ್ಲಿ ಮುಂದಿರುವುದು ಕಂಡುಬಂದಿದೆ. ಹೀಗಾಗಿ ಇಬ್ಬರೂ ಅರ್ಧರ್ಧ ಸರಿ.

ಎಲೆಗೆ ಸಿಂಪಡಿಸುವ ದ್ರವ ಗೊಬ್ಬರವಾದ ನ್ಯಾನೊ ಯೂರಿಯಾದ ಬಗ್ಗೆಯೂ ಅನೇಕರು ಬರೆದು ಕೇಳಿರುವುದರಿಂದ ಒಂದು ಮಾತು. 2021ರಲ್ಲಿ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಶೇ 4ರಂತೆ ಇದ್ದ ಸಾರಜನಕ ಸುಮಾರು 20 ಗ್ರಾಂ. ಒಂದು ಚೀಲದಲ್ಲಿರುವುದು 20 ಕಿಲೋ. ಎಲೆಗೆ ಸಿಂಪಡಿಸಿದ್ದು ಮಣ್ಣಿಗೆ ಹಾಕಿದ್ದಕ್ಕಿಂತ ಚೆನ್ನಾಗಿ ದಕ್ಕಬಹುದು, ಆದರೆ ಸಾವಿರ ಪಟ್ಟಿನ ಅಂತರವನ್ನು ದಕ್ಷತೆಯೊಂದೇ ತುಂಬಲಾರದು. ಚೀಲವನ್ನು ಬಿಟ್ಟು ಬಾಟಲಿಯನ್ನೇ ನಂಬುವ ಮುನ್ನ ಈ ಲೆಕ್ಕ ಮನಸ್ಸಿನಲ್ಲಿರಲಿ.

ಪ್ರಶ್ನೆ: ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಗೆ ರಂಜಕ ಕಾರಣ ಎನ್ನುತ್ತಾರೆ. ಅದೇ ರಂಜಕಕ್ಕಾಗಿ ರೈತರು ಡಿಎಪಿ ಗೊಬ್ಬರದ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. ಇಲ್ಲಿರುವುದನ್ನು ಅಲ್ಲಿಗೆ ಕೊಡಲಾಗದೇ? (ಓದುಗರೊಬ್ಬರು, ವರ್ತೂರು)

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ ತಂದಿತು. ನೊರೆ ಏಳುವುದು ಮುಖ್ಯವಾಗಿ ಮಾರ್ಜಕಗಳಿಂದ. ರಂಜಕ ಮಾಡುವ ಕೆಲಸವೆಂದರೆ ಪಾಚಿಯನ್ನೂ ಅಂತರಗಂಗೆಯನ್ನೂ ಸೊಂಪಾಗಿ ಬೆಳೆಸಿ, ಅವು ಕೊಳೆತಾಗ ನೀರಿನ ಆಮ್ಲಜನಕವನ್ನು ಮುಗಿಸುವುದು. ಆ ರಂಜಕ ಬರುವುದು ನಮ್ಮ ಮಲಮೂತ್ರದಿಂದ, ಅಂದರೆ ನಾವು ಉಂಡ ರಾಗಿ, ಅಕ್ಕಿ, ಬೇಳೆಗಳಿಂದ, ಜೊತೆಗೆ ಬಟ್ಟೆ ತೊಳೆಯುವ ಪುಡಿಯಿಂದ. ಹೊಲದಿಂದ ಊರಿಗೆ ಬಂದದ್ದು ಹೊಲಕ್ಕೆ ಮರಳದೆ ಕೆರೆಯಲ್ಲಿ ನಿಂತಿದೆ. ಇತ್ತ ನಮ್ಮ ದೇಶ ರಂಜಕದ ಶಿಲೆಯ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ, ಜಗತ್ತಿನ ನಿಕ್ಷೇಪದ ಹೆಚ್ಚಿನ ಭಾಗ ಮೊರಾಕೊ ಎಂಬ ಒಂದೇ ದೇಶದ ಹಿಡಿತದಲ್ಲಿದೆ. ಸಾರಜನಕವನ್ನಾದರೂ ಗಾಳಿಯಿಂದ ಪಡೆಯಬಹುದು, ರಂಜಕಕ್ಕೆ ಆ ದಾರಿ ಇಲ್ಲ.

ಮರಳಿಸುವ ವಿಧಾನ ಕಷ್ಟದ್ದಲ್ಲ. ಕೊಳಚೆ ನೀರಿನ ಕೆಸರನ್ನು ಕೊಳೆಸಿದಾಗ ಬಸಿಯುವ ದ್ರವಕ್ಕೆ ಮೆಗ್ನೀಸಿಯಂ ಲವಣವನ್ನು ಸೇರಿಸಿ ಸ್ವಲ್ಪ ಕ್ಷಾರೀಯಗೊಳಿಸಿದರೆ, ಅದರಲ್ಲಿರುವ ಅಮೋನಿಯಾ ಮತ್ತು ಫಾಸ್ಫೇಟ್ (ರಂಜಕ ನೀರಿನಲ್ಲಿರುವ ರೂಪ) ಎರಡೂ ಮೆಗ್ನೀಸಿಯಂನೊಡನೆ ಕೂಡಿ ಸ್ಟ್ರುವೈಟ್ ಎಂಬ ಬಿಳಿಯ ಹರಳಾಗಿ ತಳಕ್ಕೆ ಇಳಿಯುತ್ತವೆ. ನೀರಿನಲ್ಲಿ ಬೇಗ ಕರಗದ ಈ ಹರಳು ಬೇರಿಗೆ ನಿಧಾನವಾಗಿ ಆಹಾರ ಕೊಡುತ್ತದೆ. ಯುರೋಪು, ಜಪಾನ್ ಮತ್ತು ಅಮೆರಿಕದ ಕೆಲವು ಶುದ್ಧೀಕರಣ ಘಟಕಗಳಲ್ಲಿ ಇದನ್ನು ತಯಾರಿಸಿ ಗೊಬ್ಬರವಾಗಿ ಮಾರುತ್ತಾರೆ. ನಮ್ಮಲ್ಲಿ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ನೀರಿಗೆ ಆಗುವ ಎರಡನೆಯ ಹಂತದ ಸಂಸ್ಕರಣೆ ರಂಜಕವನ್ನು ಪೂರ್ತಿ ತೆಗೆಯುವುದಿಲ್ಲವಾದ್ದರಿಂದ, ಅದನ್ನು ಇಲ್ಲಿಯೇ ಹರಳಾಗಿಸಿ ಚೀಲದಲ್ಲಿ ಕಳುಹಿಸಿದರೆ ಕೋಲಾರದ ಕೆರೆಗಳೂ ಪಾಚಿಯಿಂದ ಉಳಿದಾವು, ಅಲ್ಲಿನ ಹೊಲಗಳಿಗೂ ಗೊಬ್ಬರ ಸಿಕ್ಕೀತು. ಕಾರ್ಖಾನೆಗಳ ಭಾರಲೋಹ ಬೆರೆತ ಕೆಸರನ್ನು ಮಾತ್ರ ಪರೀಕ್ಷಿಸದೆ ಹೊಲಕ್ಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಮಾವಿನ ಹಣ್ಣಿಗೆ ಗ್ಯಾಸ್ ಕೊಟ್ಟು ಮಾಗಿಸುತ್ತಾರಂತೆ. ಮಕ್ಕಳಿಗೆ ಕೊಡಬಹುದೇ? (ಗೃಹಿಣಿ, ಜಯನಗರ)

ಉತ್ತರ: ಯಾವ ಅನಿಲ ಎಂಬುದರ ಮೇಲೆ ಉತ್ತರ ನಿಂತಿದೆ. ಎಥಿಲೀನ್ ಹಣ್ಣು ತಾನೇ ಮಾಗುವಾಗ ಬಿಡುವ ಅನಿಲ. ಮುಚ್ಚಿದ ಕೋಣೆಯಲ್ಲಿ ಹತ್ತು ಲಕ್ಷಕ್ಕೆ ನೂರು ಭಾಗದವರೆಗೆ ಅದನ್ನು ಬಳಸಲು ನಿಯಮದಲ್ಲಿ ಅವಕಾಶವಿದೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಬರುವುದು ಅಸಿಟಿಲೀನ್, ಅದರೊಡನೆ ಆರ್ಸೆನಿಕ್ ಮತ್ತು ರಂಜಕದ ಅಂಶವೂ ಇರುತ್ತದೆ; ಅದು ನಿಷಿದ್ಧ. ಮನೆಯಲ್ಲಾದರೆ ಬಲಿತ ಕಾಯಿಯನ್ನು ಒಣಹುಲ್ಲಿನಲ್ಲಿ ಅಡೆ ಹಾಕಿ.

ಪ್ರಶ್ನೆ: ಬದನೆಗೆ ವಾರಕ್ಕೆರಡು ಸಲ ಔಷಧಿ ಹೊಡೆದರೂ ಕಾಯಿ ಕೊರಕ ನಿಲ್ಲುತ್ತಿಲ್ಲ. ಮೋಹಕ ಬಲೆ ನಿಜಕ್ಕೂ ಕೆಲಸ ಮಾಡುತ್ತದೆಯೇ? (ರೈತರೊಬ್ಬರು, ಆನೇಕಲ್)

ಉತ್ತರ: ಮಾಡುತ್ತದೆ, ಆದರೆ ಒಂಟಿಯಾಗಿ ಅಲ್ಲ. ಕಾಯಿಯೊಳಗೆ ಹೊಕ್ಕ ಹುಳುವಿಗೆ ಔಷಧಿ ತಾಗುವುದೇ ಇಲ್ಲ, ತಾಗುವುದು ಕಾಯಿಯನ್ನು ತಿನ್ನುವವರಿಗೆ ಮತ್ತು ಹೊಡೆಯುವ ನಿಮಗೆ. ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆಯನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ, ಬಲೆಯೊಳಗೆ ಇಡುವ ಆಕರ್ಷಕ ಎಂಬ ಪುಟ್ಟ ಗುಳಿಗೆಯಲ್ಲಿ ತುಂಬುತ್ತಾರೆ. ಒಂದರಲ್ಲಿರುವುದು ಕೆಲವೇ ಮಿಲಿಗ್ರಾಂ, ಅದು ಕಾಯಿಯ ಮೇಲೆ ಬೀಳುವುದೂ ಇಲ್ಲ, ಬೇರೆ ಕೀಟಗಳನ್ನು ಕೊಲ್ಲುವುದೂ ಇಲ್ಲ. ಇಂತಹ ವಾಸನೆಯ ರಚನೆಯನ್ನು ಮೊದಲು ಬಿಡಿಸಿದ್ದು ನಮ್ಮ ರಾಮನಗರದ ಮನೆಮನೆಗೂ ಪರಿಚಿತವಾದ ರೇಷ್ಮೆ ಪತಂಗದಿಂದ: ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಕೆಲವು ಮಿಲಿಗ್ರಾಂ ಸಂಗ್ರಹಿಸಿ 1959ರಲ್ಲಿ ಅದನ್ನು ಪ್ರಕಟಿಸಿದರು.

ನಾಟಿಯಾದ ಕೆಲವೇ ವಾರಗಳಲ್ಲಿ ಬಲೆಗಳನ್ನು ಗಿಡದ ತುದಿಯ ಮಟ್ಟಕ್ಕೆ ಕಟ್ಟಿ, ಗಿಡ ಬೆಳೆದಂತೆ ಮೇಲಕ್ಕೇರಿಸಿ. ಬಾಡಿದ ಕುಡಿಗಳನ್ನೂ ತೂತು ಬಿದ್ದ ಕಾಯಿಗಳನ್ನೂ ವಾರವಾರವೂ ಕಿತ್ತು ಸುಡಿ ಅಥವಾ ಆಳಕ್ಕೆ ಹೂಳಿ. ಬದುವಿನ ಮೇಲೆ ಎಸೆದರೆ ಅದೇ ಹುಳು ಪತಂಗವಾಗಿ ಮರಳುತ್ತದೆ. ಬಲೆ ಸೆಳೆಯುವುದು ಗಂಡನ್ನು ಮಾತ್ರವಾದ್ದರಿಂದ, ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಹಾರಿ ಬಂದು ನಿಮ್ಮ ಗಿಡದಲ್ಲಿ ಮೊಟ್ಟೆಯಿಡಬಲ್ಲದು. ಆದ್ದರಿಂದ ಸುತ್ತಲಿನ ನಾಲ್ಕು ಮನೆಯವರೂ ಒಟ್ಟಿಗೆ ಕಟ್ಟುವಂತೆ ಒಪ್ಪಿಸಿ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಮತ್ತು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಿಮಗೆ ದೂರವಲ್ಲ. ಒಮ್ಮೆ ಹೋಗಿ ವಿಚಾರಿಸಿ. ಆಕರ್ಷಕವನ್ನು ಸುಮಾರು ತಿಂಗಳಿಗೊಮ್ಮೆ ಬದಲಿಸಿ, ಹೊಸದನ್ನು ಔಷಧಿ ತಾಗಿದ ಕೈಯಿಂದ ಮುಟ್ಟಬೇಡಿ.