ಎಲ್ಲವನ್ನೂ ಸಂಶಯಿಸಬಹುದಾದರೆ ಮಾಹಿತಿಗೆ ನೆಲೆ ಎಲ್ಲಿ?

ನೀವು ತೀರ್ಥಹಳ್ಳಿ ಕಡೆಯವರು, ಮನೆಯಲ್ಲಿ ಅಡಿಕೆ ತೋಟವಿದೆ ಎಂದು ಬರೆದಿದ್ದೀರಿ. ಕೇಳಿರುವುದು ಎರಡು: ಯಾವುದನ್ನು ಬೇಕಾದರೂ ಸಂಶಯಿಸಬಹುದು ಎಂದಾದರೆ ‘ಮಾಹಿತಿ’ ಎನ್ನುವುದು ಉಳಿಯುತ್ತದೆಯೇ? ಅರ್ಥ ಇರುವುದು ವಸ್ತುವಿನಲ್ಲೋ, ನೋಡುವವರ ತಲೆಯಲ್ಲೋ? ನಾನು ಹೇಳುವುದು ಇಷ್ಟು: ಮಾಹಿತಿ ಹೊರಗಿದೆ, ಅರ್ಥ ಪೂರ್ತಿ ಹೊರಗಿಲ್ಲ, ಸಂಶಯ ಎರಡಕ್ಕೂ ಒಂದೇ ರೀತಿ ತಗಲುವುದಿಲ್ಲ.

ಮಾಹಿತಿಯನ್ನು ಅಳೆಯುವ ಬಿಟ್ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. ಮಾಹಿತಿ ಸಿದ್ಧಾಂತ ಕಟ್ಟಿದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಅಳತೆ ಸುದ್ದಿ ಎಷ್ಟು ಅನಿರೀಕ್ಷಿತ ಎಂಬುದನ್ನಷ್ಟೇ ನೋಡುತ್ತದೆ. ಜುಲೈ ತಿಂಗಳ ಒಂದು ದಿನ ಆಗುಂಬೆಗೆ ಮಳೆ ಬೀಳುವ ಸಂಭವ ನೂರಕ್ಕೆ 95 ಎಂದಿಟ್ಟುಕೊಳ್ಳಿ. ‘ಇವತ್ತು ಮಳೆ ಬಂತು’ ಎಂಬ ಸುದ್ದಿಗೆ ಸಿಗುವುದು ಬರೀ 0.07 ಬಿಟ್, ‘ಬರಲಿಲ್ಲ’ ಎಂಬುದಕ್ಕೆ 4.3 ಬಿಟ್. ಸುದ್ದಿಯ ಅರ್ಥವೇನು, ಅದು ನಿಜವೇ ಎಂಬುದು ಈ ಲೆಕ್ಕಕ್ಕೆ ಬೇಡ. ಶಾನನ್ ಅದನ್ನು ಶುರುವಿನಲ್ಲೇ ಹೊರಗಿಟ್ಟರು. ಹಾಗಾಗಿ ಮಾಹಿತಿ ಸಿದ್ಧಾಂತ ಅರ್ಥದ ಗುಟ್ಟನ್ನು ಬಿಡಿಸಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಿಮಗೆ ಬೇಕಾದದ್ದು ಅಮೆರಿಕದ ತತ್ತ್ವಜ್ಞ ಫ್ರೆಡ್ ಡ್ರೆಟ್ಸ್ಕೆ 1981ರಲ್ಲಿ ಹಿಡಿದ ದಾರಿ. ಒಂದು ಗುರುತು ಒಂದು ಸಂಗತಿಯ ಮಾಹಿತಿ ಹೊತ್ತಿದೆ ಎನ್ನಬೇಕಾದರೆ, ಆ ಸಂಗತಿ ಇಲ್ಲದೆ ಆ ಗುರುತು ಮೂಡುವಂತಿರಬಾರದು. ನೂರಕ್ಕೆ 95 ಸಾಲದು. ಸುದ್ದಿ ಹತ್ತು ಕೈ ದಾಟುತ್ತದೆ, ಪ್ರತಿ ಕೈಯೂ 95ರಷ್ಟು ನಂಬಿಕಸ್ತ ಎಂದರೆ, ಹತ್ತೂ ಕೈ ಸರಿಯಿರುವ ಸಂಭವ ನೂರಕ್ಕೆ ಸುಮಾರು 60ಕ್ಕೆ ಇಳಿದಿರುತ್ತದೆ.

ಇದಕ್ಕೊಂದು ಉದಾಹರಣೆ ನಿಮ್ಮ ತೋಟದಲ್ಲೇ ಇದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಕತ್ತಿ ಪರೀಕ್ಷೆ ನಿಮಗೆ ಗೊತ್ತಿರಬೇಕು. ಒಂದು ಕೆಜಿ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಕಲಕುತ್ತಾ ಸೇರಿಸುತ್ತಾರೆ. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ತೂಕ ಸರಿಯಿದ್ದರೂ ತಾಮ್ರ ಕರಗಿದ ಸ್ಥಿತಿಯಲ್ಲೇ ಉಳಿದು ಎಳೆಯ ಭಾಗಗಳನ್ನು ಸುಡುತ್ತದೆ. ಅದಕ್ಕೇ ಕಬ್ಬಿಣದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ನೋಡುವುದು. ಉಳಿದ ತಾಮ್ರ ಅಲಗಿನ ಮೇಲೆ ಕೆಂಪಗೆ ಕೂರುತ್ತದೆ. ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕು. (ಮೈಲುತುತ್ತನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬಾರದು ಎನ್ನುವುದೂ ಇದೇ ಕ್ರಿಯೆಯಿಂದಾಗಿ.)

ಇಲ್ಲಿ ‘ಕೆಂಪಾಯಿತು’ ಮತ್ತು ‘ಆಗಲಿಲ್ಲ’ ಸಮನಾದ ಗುರುತುಗಳಲ್ಲ. ಉಜ್ಜಿ ಹೊಳಪು ಬರಿಸಿದ ಅಲಗು ಕೆಂಪಾಗಲು ಕರಗಿದ ತಾಮ್ರ ಇರಲೇಬೇಕು. ಕೆಂಪಾಗದಿರಲು ಮಾತ್ರ ಹಲವು ಕಾರಣಗಳಿರಬಹುದು: ದ್ರಾವಣ ಸರಿಯಿದೆ, ಅಥವಾ ಅಲಗಿಗೆ ಎಣ್ಣೆ ಹತ್ತಿದೆ, ಅಥವಾ ಅದು ಸ್ಟೇನ್‌ಲೆಸ್ ಸ್ಟೀಲಿನ ಚಾಕು. ಮೊದಲೇ ತುಕ್ಕು ಹಿಡಿದ ಕತ್ತಿಯಾದರೆ ಕೆಂಪೂ ಕೈಕೊಡುತ್ತದೆ. ಪರಿಹಾರವಿದೆ. ಅಲಗನ್ನು ಮರಳಿನಲ್ಲಿ ಚೆನ್ನಾಗಿ ಉಜ್ಜಿ, ಮೊದಲು ಸುಣ್ಣ ಬೆರೆಸದ ಮೈಲುತುತ್ತಿನ ನೀರಿಗೆ ಅದ್ದಿ. ಕೆಂಪಾಗುವ ಕತ್ತಿ ಅದು ಎಂದು ಖಾತ್ರಿಯಾದ ಮೇಲೆ ಮತ್ತೆ ಉಜ್ಜಿ ದ್ರಾವಣಕ್ಕೆ ಅದ್ದಿ. ಈಗ ‘ಕೆಂಪಾಗಲಿಲ್ಲ’ ಎಂಬುದಕ್ಕೂ ತೂಕ ಬಂತು. ಆದರೂ ದ್ರಾವಣ ಶೇಕಡಾ ಒಂದರಷ್ಟು ಗಟ್ಟಿಯಿದೆಯೇ ಎಂಬುದನ್ನು ಕತ್ತಿ ಹೇಳುವುದಿಲ್ಲ. ನೀರು ದುಪ್ಪಟ್ಟು ಹಾಕಿದ್ದರೂ ಅದು ಹಾಗೇ ಬೆಳ್ಳಗಿರುತ್ತದೆ.

ಅರ್ಥದ ಪ್ರಶ್ನೆ ಏಳುವುದು ಈ ಹಂತದಲ್ಲಿ. ಅಲಗಿನ ಕೆಂಪು ‘ತಾಮ್ರ ಉಳಿದಿದೆ’ ಎಂಬ ಮಾಹಿತಿಯನ್ನು ಹೊತ್ತಿದೆ. ‘ಈ ಅಲಗು ಕಬ್ಬಿಣದ್ದು’ ಎಂಬುದನ್ನೂ ಹೊತ್ತಿದೆ. ನಾವು ಮೊದಲನೆಯದನ್ನು ಮಾತ್ರ ಓದಿಕೊಳ್ಳುತ್ತೇವೆ, ‘ಸುಣ್ಣ ಹಾಕು’ ಎಂಬುದನ್ನು ನಮ್ಮ ಕಡೆಯಿಂದ ಸೇರಿಸುತ್ತೇವೆ. ಆರಿಸುವುದು, ಸೇರಿಸುವುದು ನಮ್ಮ ಕೆಲಸ. ಕೆಂಪು ಕೂರುವುದು ನಮ್ಮ ಕೆಲಸವಲ್ಲ. ತತ್ತ್ವಜ್ಞ ಪಾಲ್ ಗ್ರೈಸ್ 1957ರಲ್ಲಿ ಸಹಜ ಸೂಚನೆಗೂ ಮಾತಿನ ಅರ್ಥಕ್ಕೂ ನಡುವೆ ತೋರಿಸಿದ ವ್ಯತ್ಯಾಸವೂ ಇದರ ನೆಂಟ. ತಾಮ್ರವಿಲ್ಲದಿದ್ದರೆ ‘ಆ ಕೆಂಪು ತಾಮ್ರವನ್ನು ಸೂಚಿಸಿತು’ ಎನ್ನಲು ಬರುವುದಿಲ್ಲ. ಆದರೆ ಔಷಧಿ ಕಲಸುವವರು ‘ಸುಣ್ಣ ಸಾಕು’ ಎಂದರೆ, ಸಾಲದಿದ್ದರೂ ಆ ಮಾತಿನ ಅರ್ಥ ಅದೇ. ಸುಳ್ಳಾಗುವ ಯೋಗ್ಯತೆ ಅರ್ಥಕ್ಕಿದೆ, ಮಾಹಿತಿಗಿಲ್ಲ.

ಇನ್ನು ಸಂಶಯವಾದ. ‘ಅಲಗಿಗೆ ಎಣ್ಣೆ ಹತ್ತಿರಬಹುದು’ ಎಂಬ ಸಂಶಯಕ್ಕೆ ಹೆಸರಿದೆ, ಅದನ್ನು ಮುಚ್ಚುವ ಕ್ರಮವೂ ಇದೆ. ‘ಇದೆಲ್ಲ ಕನಸಾಗಿರಬಹುದು’ ಎಂಬುದಕ್ಕೆ ಯಾವ ಕ್ರಮವೂ ಇಲ್ಲ. ಅದು ಕೆಂಪಲಗಿಗೂ ಬಿಳಿಯಲಗಿಗೂ ಒಂದೇ ಥರ ಅನ್ವಯಿಸುವುದರಿಂದ ಎರಡರ ನಡುವೆ ಆರಿಸಲು ನೆರವಾಗುವುದಿಲ್ಲ. ಡ್ರೆಟ್ಸ್ಕೆ ಅಂಥ ಸಾಧ್ಯತೆಗಳನ್ನು ಅಪ್ರಸ್ತುತ ಎಂದು ಬದಿಗಿಡುತ್ತಾರೆ. ಅದಕ್ಕೆ ತೆತ್ತ ಬೆಲೆ ದೊಡ್ಡದು: ತಾಮ್ರವಿದೆ ಎಂದು ನನಗೆ ಗೊತ್ತು, ಆದರೆ ಕನಸಲ್ಲ ಎಂದು ಗೊತ್ತಿಲ್ಲ ಎಂದು ಒಪ್ಪಬೇಕಾಗುತ್ತದೆ. ತುಂಬ ಜನ ತತ್ತ್ವಜ್ಞರಿಗೆ ಇದು ನುಂಗಲಾರದ ತುತ್ತು.

ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಬೇರೆ ಕಡೆಯಿಂದ ಬರುತ್ತಾರೆ. ತೋಟದ ಮೇಲೆ ಎದ್ದ ಮಂಜನ್ನು ಹೊಗೆ ಎಂದುಕೊಂಡು ಬೆಂಕಿ ಊಹಿಸಿದರೆ ಕೆಟ್ಟದ್ದು ಹೇತು (ಊಹೆಗೆ ಹಿಡಿದ ಗುರುತು), ಹೊಗೆ-ಬೆಂಕಿಯ ವ್ಯಾಪ್ತಿಯಲ್ಲ (ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ನಿಯಮವಲ್ಲ). ಇಂಥ ತಪ್ಪುಗಳಿಗೆ ಅವರಲ್ಲಿ ಪೂರಾ ವರ್ಗೀಕರಣವೇ ಇದೆ. ವ್ಯಾಪ್ತಿಯನ್ನೇ ಸಂಶಯಿಸುವವರಿಗೆ ನೈಯಾಯಿಕ ಉದಯನ ಶ್ಲೋಕದಲ್ಲಿ ಕೊಟ್ಟ ಉತ್ತರ: ಸಂಶಯಕ್ಕೆ ವ್ಯಾಘಾತವೇ (ಸಂಶಯಿಸುವವನ ಮಾತಿಗೂ ನಡೆಗೂ ಬೀಳುವ ವಿರೋಧವೇ) ಗಡಿ. ಹನ್ನೆರಡನೇ ಶತಮಾನದ ಅದ್ವೈತಿ ಶ್ರೀಹರ್ಷ ಅದೇ ಶ್ಲೋಕವನ್ನು ತಿರುಚಿ ಅವರಿಗೇ ಎಸೆದ: ವ್ಯಾಘಾತವಿದೆ ಎಂದರೆ ಸಂಶಯವೂ ಇದೆ ಎಂದಾಯಿತು, ವ್ಯಾಘಾತವಿಲ್ಲದಿದ್ದರೆ ಸಂಶಯ ಇನ್ನೂ ಗಟ್ಟಿ, ಹಾಗಿರುವಾಗ ಅದು ಗಡಿಯಾಗುವುದು ಹೇಗೆ? ಆಮೇಲಿನ ನೈಯಾಯಿಕ ಗಂಗೇಶ ಸಂಶಯಿಸುವವನಿಗೆ ಕೊಟ್ಟ ಉತ್ತರ ನಡವಳಿಕೆಯದು: ಹೊಗೆ ಬೇಕಾದಾಗ ನೀನೂ ಬೆಂಕಿಯನ್ನೇ ಹಚ್ಚುತ್ತೀಯ, ಹಸಿದಾಗ ಉಣ್ಣುತ್ತೀಯ, ತಿಳಿಸಬೇಕಾದಾಗ ಮಾತಾಡುತ್ತೀಯ, ಹಾಗಾದರೆ ನಿನಗೆ ಸಂಶಯವೇ ಇಲ್ಲ.

ನನ್ನ ಮಟ್ಟಿಗೆ ಇದು ಅರ್ಧ ಉತ್ತರ. ಸಂಶಯವಾದಿ ನಿಜಕ್ಕೂ ಸಂಶಯಿಸುತ್ತಿಲ್ಲ ಎಂದು ಅದು ತೋರಿಸುತ್ತದೆ. ಲೋಕ ಅವನ ನಡವಳಿಕೆಗೆ ತಕ್ಕಂತೆಯೇ ಇದೆ ಎಂದು ತೋರಿಸುವುದಿಲ್ಲ. ಆ ಇನ್ನರ್ಧವನ್ನು ಡ್ರೆಟ್ಸ್ಕೆಯ ಬೆಲೆ ತೆರದೆ ತುಂಬಿಸಿದ ವಾದವನ್ನು ನಾನಿನ್ನೂ ನೋಡಿಲ್ಲ.